ಸಾಲ ಕೊಡುವವನೇ ರೈಲು ಮಾರುವಾಗ

1961ರ ಮೇ ತಿಂಗಳಲ್ಲಿ ಜಪಾನಿನ ರಾಷ್ಟ್ರೀಯ ರೈಲ್ವೆಗೆ ವಿಶ್ವಬ್ಯಾಂಕು 8 ಕೋಟಿ ಡಾಲರ್ ಸಾಲ ಕೊಟ್ಟಿತು. ಟೋಕಿಯೊದಿಂದ ಒಸಾಕಾವರೆಗಿನ 515 ಕಿಲೋಮೀಟರ್ ಹೊಸ ಮಾರ್ಗಕ್ಕೆ, ಅಂದರೆ ಜಗತ್ತಿನ ಮೊದಲ ಬುಲೆಟ್ ರೈಲಿಗೆ ಸಂದ ಸಾಲ ಅದು. ಆಗ ಡಾಲರಿಗೆ 360 ಯೆನ್. ಹಾಗಾಗಿ ಸಾಲದ ಮೊತ್ತ 2,880 ಕೋಟಿ ಯೆನ್. ಕೆಲಸ ಮುಗಿಯುವ ಹೊತ್ತಿಗೆ ತಗುಲಿದ ಖರ್ಚು ಸುಮಾರು 38,000 ಕೋಟಿ ಯೆನ್. ನೂರರಲ್ಲಿ ಎಂಟು ಪಾಲೂ ಆಗದ ಈ ಹಣಕ್ಕಾಗಿ ವಾಷಿಂಗ್ಟನ್ನಿಗೆ ಹೋಗಿ ಬಾಗಿಲು ತಟ್ಟುವ ಅಗತ್ಯವೇನಿತ್ತು ಎಂದು ನೀವು ಕೇಳಬಹುದು.

ರೈಲ್ವೆಯ ಅಧ್ಯಕ್ಷರಾಗಿದ್ದ ಶಿಂಜಿ ಸೊಗೊ ಅವರಿಗೆ ತಮ್ಮ ದೇಶದ ರಾಜಕಾರಣ ಚೆನ್ನಾಗಿ ಗೊತ್ತಿತ್ತು. ವಿಮಾನ ಮತ್ತು ಹೆದ್ದಾರಿಗಳ ಕಾಲದಲ್ಲಿ ಹೊಸ ರೈಲು ಮಾರ್ಗ ಏಕೆ ಎಂದು ಕೇಳುವವರು ಬಹಳ ಮಂದಿ ಇದ್ದರು. ಸರ್ಕಾರದ ಮನಸ್ಸು ಬದಲಾದರೆ ಕೆಲಸ ಅರ್ಧಕ್ಕೆ ನಿಲ್ಲುವ ಭಯವಿತ್ತು. ವಿಶ್ವಬ್ಯಾಂಕಿನ ಸಾಲಕ್ಕಾದರೆ ಸರ್ಕಾರವೇ ಖಾತರಿ ನಿಲ್ಲಬೇಕು. ಖಾತರಿ ಬರೆದುಕೊಟ್ಟ ಮೇಲೆ ಹಿಂದೆ ಸರಿದರೆ ಹೊರಗಿನವರ ಮುಂದೆ ಮಾತು ತಪ್ಪಿದಂತೆ. ಸರ್ಕಾರವನ್ನು ಯೋಜನೆಗೆ ಕಟ್ಟಿಹಾಕುವ ಹಗ್ಗವಾಗಿ ಸೊಗೊ ಆ ಸಾಲವನ್ನು ಬಳಸಿದರು. ಬ್ಯಾಂಕು ಪ್ರಯೋಗಾರ್ಥ ಯೋಜನೆಗಳಿಗೆ ಸಾಲ ಕೊಡುತ್ತಿರಲಿಲ್ಲ. ಆದ್ದರಿಂದ ಈ ರೈಲಿನಲ್ಲಿ ಹೊಸತೇನಿಲ್ಲ, ಒಂದೊಂದು ಭಾಗವೂ ಈಗಾಗಲೇ ಬಳಸಿ ಪರೀಕ್ಷಿಸಿದ್ದೇ ಎಂದು ಎಂಜಿನಿಯರುಗಳು ವಿವರಿಸಬೇಕಾಯಿತು. ಮೊದಲ ಅಂದಾಜು 19,720 ಕೋಟಿ ಯೆನ್ ಇದ್ದದ್ದು ಹೆಚ್ಚುಕಡಿಮೆ ಎರಡು ಪಟ್ಟಾದಾಗ, 1963ರಲ್ಲಿ, ಸೊಗೊ ಮತ್ತು ಮುಖ್ಯ ಎಂಜಿನಿಯರ್ ಹಿದೆಯೊ ಶಿಮಾ ಇಬ್ಬರೂ ಹುದ್ದೆ ಬಿಟ್ಟರು. ರೈಲು 1964ರ ಅಕ್ಟೋಬರ್ 1ರಂದು ಹೊರಟಿತು. ಸಾಲ 1981ರಲ್ಲಿ ತೀರಿತು.

ಈ ಕತೆಯಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಹೈಸ್ಪೀಡ್ ರೈಲಿಗೆ ಪರದೇಶದ ಹಣ ಬಂತು ಎಂದ ಕೂಡಲೇ ಪತ್ರಿಕೆಗಳಲ್ಲಿ ಎರಡು ಅಂಕಿಗಳು ದಪ್ಪಕ್ಷರದಲ್ಲಿ ಬರುತ್ತವೆ: ಸಾಲ ಎಷ್ಟು, ಬಡ್ಡಿ ಎಷ್ಟು. ನಾನು ವರ್ಷಗಟ್ಟಲೆ ಈ ಒಪ್ಪಂದಗಳನ್ನು ಓದಿದ್ದೇನೆ. ಆ ಎರಡು ಅಂಕಿಗಳಿಂದ ತಿಳಿಯುವುದು ಬಹಳ ಕಡಿಮೆ. ಖಾತರಿ ಯಾರದು, ಖರ್ಚು ಹೆಚ್ಚಾದರೆ ಯಾರ ತಲೆಗೆ, ಯಾವ ನಾಣ್ಯದಲ್ಲಿ ಮರುಪಾವತಿ, ರೈಲನ್ನು ಯಾರಿಂದ ಕೊಳ್ಳಬೇಕು ಎಂಬ ನಾಲ್ಕು ಸಾಲುಗಳು ಒಪ್ಪಂದದ ಹಿಂಭಾಗದಲ್ಲಿ ಇರುತ್ತವೆ. ಇವತ್ತಿನ ನನ್ನ ಮಾತೆಲ್ಲ ಆ ಸಾಲುಗಳ ಬಗ್ಗೆ.

ಮೊದಲು ಒಂದು ಮೂಲಭೂತ ಸಂಗತಿ. ಸಾಮಾನ್ಯ ಟೆಂಡರಿನಲ್ಲಿ ಸರಕು ಮಾರುವವನು ಒಬ್ಬ, ಸಾಲ ಕೊಡುವವನು ಇನ್ನೊಬ್ಬ. ಹೈಸ್ಪೀಡ್ ರೈಲಿನಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ಬಂದಿಳಿಯುತ್ತಾರೆ. ಈ ರೈಲುಗಳನ್ನು ತಯಾರಿಸಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಆ ಪ್ರತಿಯೊಂದು ದೇಶಕ್ಕೂ ತನ್ನ ರಫ್ತನ್ನು ಬೆಂಬಲಿಸುವ ಬ್ಯಾಂಕೋ ಸಂಸ್ಥೆಯೋ ಇದೆ. ಬಡ್ಡಿ ಇಳಿಸುತ್ತಾ ಹೋಗಿ ಪರಸ್ಪರ ಹಾಳಾಗುವುದನ್ನು ತಪ್ಪಿಸಲು ಒಇಸಿಡಿ ಎಂಬ ಕೂಟದ ಶ್ರೀಮಂತ ದೇಶಗಳು 1978ರಲ್ಲಿ ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡವು. ರಫ್ತು ಸಾಲ ಗುತ್ತಿಗೆ ಮೌಲ್ಯದ ಶೇ 85ನ್ನು ದಾಟಬಾರದು, ಉಳಿದ 15 ಪಾಲನ್ನು ಕೊಳ್ಳುವವನು ಮುಂಗಡವಾಗಿ ಕಟ್ಟಬೇಕು ಎಂಬುದು ಅದರ ಹಳೆಯ ನಿಯಮ. ನಮ್ಮ ದೇಶದ ಸರಕನ್ನೇ ಕೊಳ್ಳಿ ಎಂಬ ಷರತ್ತಿನ ನೆರವಾದರೆ ಅದರಲ್ಲಿ ಕನಿಷ್ಠ ಶೇ 35ರಷ್ಟು ನಿಜವಾದ ರಿಯಾಯಿತಿ ಇರಲೇಬೇಕು. ಅಂದರೆ ಸಾಲ ಒಂದೋ ಮಾರುಕಟ್ಟೆ ದರಕ್ಕೆ ಹತ್ತಿರವಿರಬೇಕು, ಇಲ್ಲವೇ ಬಹಳ ಅಗ್ಗವಾಗಿರಬೇಕು. ನಡುವೆ ನಿಂತು ಸ್ವಲ್ಪವೇ ರಿಯಾಯಿತಿ ತೋರಿಸಿ ಗಿರಾಕಿಯನ್ನು ಸೆಳೆಯುವಂತಿಲ್ಲ. ಜಪಾನಿನ ಸಾಲಗಳ ಬಡ್ಡಿ ನಂಬಲಾಗದಷ್ಟು ಕಡಿಮೆ ಕಾಣುವುದಕ್ಕೆ ಈ ನಿಯಮವೂ ಒಂದು ಕಾರಣ. 2002ರಿಂದ ಜಪಾನು ಕೊಡುತ್ತಿರುವ ಒಂದು ಬಗೆಯ ವಿಶೇಷ ಸಾಲದಲ್ಲಿ ಗುತ್ತಿಗೆಯ ಕನಿಷ್ಠ ಶೇ 30ರಷ್ಟು ಸರಕು ಮತ್ತು ಸೇವೆ ಜಪಾನಿನಿಂದಲೇ ಬರಬೇಕು. ಚೀನಾ ಈ ಒಇಸಿಡಿ ಒಪ್ಪಂದದಲ್ಲಿ ಇಲ್ಲ. ಅದರ ಬ್ಯಾಂಕುಗಳು ಎರಡು ತುದಿಗಳ ನಡುವಿನ ಜಾಗದಲ್ಲಿ ಸಾಲ ಕೊಡಬಲ್ಲವು.

ಕೊಳ್ಳುವವನು ಬಲಶಾಲಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾವನ್ನು ನೋಡಿ. ಸೋಲ್‌ನಿಂದ ಬುಸಾನ್‌ಗೆ ಹೋಗುವ ಮಾರ್ಗಕ್ಕೆ ಜಪಾನಿನ ಮಿತ್ಸುಬಿಷಿ, ಜರ್ಮನಿಯ ಸೀಮೆನ್ಸ್, ಫ್ರಾನ್ಸಿನ ಜಿಇಸಿ ಆಲ್ಸ್‌ತೋಮ್ ಮೂವರೂ ಬಂದರು. ಕೊರಿಯಾ ಆತುರಪಡಲಿಲ್ಲ. ಪ್ರಸ್ತಾವಗಳನ್ನು ಮತ್ತೆ ಮತ್ತೆ ತಿದ್ದಿ ತರಿಸಿತು, ಬೆಲೆ ಇಳಿಸಿತು, ತಂತ್ರಜ್ಞಾನ ವರ್ಗಾವಣೆಯ ಷರತ್ತನ್ನು ಬಿಗಿಗೊಳಿಸಿತು. 1994ರ ಗುತ್ತಿಗೆ ಫ್ರಾನ್ಸಿನ ಪಾಲಾಯಿತು. ಒಟ್ಟು 46 ರೈಲುಗಳು. ಅವುಗಳಲ್ಲಿ ಫ್ರಾನ್ಸಿನಲ್ಲಿ ತಯಾರಾಗಿ ಬಂದವು 12. ಉಳಿದ 34 ಕೊರಿಯಾದ ಕಾರ್ಖಾನೆಯಲ್ಲಿ, ಕೊರಿಯಾದ ಕೆಲಸಗಾರರ ಕೈಯಲ್ಲಿ ತಯಾರಾದವು. ಸೇವೆ 2004ರ ಏಪ್ರಿಲ್ 1ರಂದು ಶುರುವಾಯಿತು. 2010ರಲ್ಲಿ ಕೊರಿಯಾ ತನ್ನದೇ ವಿನ್ಯಾಸದ ರೈಲನ್ನು ಹಳಿಗಿಳಿಸಿತು. 2024ರಲ್ಲಿ ಹುಂಡೈ ರೋಟೆಮ್ ಉಜ್ಬೇಕಿಸ್ತಾನಕ್ಕೆ ಹೈಸ್ಪೀಡ್ ರೈಲು ಮಾರುವ ಒಪ್ಪಂದಕ್ಕೆ ಸಹಿ ಹಾಕಿತು. ಕೊಳ್ಳುವವನ ಸಾಲಿನಿಂದ ಮಾರುವವನ ಸಾಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಏಕೆಂದರೆ ಈ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. 1866ರಲ್ಲಿ ಫ್ರೆಂಚ್ ನೌಕಾಪಡೆ ಕೊರಿಯಾದ ಗಾಂಗ್‌ಹ್ವಾ ದ್ವೀಪದ ರಾಜಗ್ರಂಥಾಲಯದಿಂದ ಸುಮಾರು 300 ಗ್ರಂಥಗಳನ್ನು ಹೊತ್ತೊಯ್ದಿತ್ತು. ಅರಮನೆಯ ವಿಧಿವಿಧಾನಗಳನ್ನು ಚಿತ್ರಸಮೇತ ಬರೆದಿಟ್ಟ ಗ್ರಂಥಗಳವು. 1993ರಲ್ಲಿ, ರೈಲಿನ ಗುತ್ತಿಗೆ ಇನ್ನೂ ಪಕ್ಕಾ ಆಗಬೇಕಿದ್ದಾಗ, ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಸೋಲ್‌ಗೆ ಬಂದರು. ಆ ಗ್ರಂಥಗಳಲ್ಲಿ ಒಂದೇ ಒಂದನ್ನು ತಂದು ಕೊಟ್ಟರು. ಉಳಿದವು ಬಂದದ್ದು 2011ರಲ್ಲಿ. ಅದೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಎರವಲಿನ ರೂಪದಲ್ಲಿ. ಬಿಡ್‌ಗಳನ್ನು ಅಂಕ ಕೊಟ್ಟು ತೂಗುವ ಕೋಷ್ಟಕಗಳಲ್ಲಿ ಇಂಥ ಗ್ರಂಥಕ್ಕೆ ಕಾಲಮ್ ಇರುವುದಿಲ್ಲ. ಆದರೂ ಇಷ್ಟು ದೊಡ್ಡ ಗುತ್ತಿಗೆಗಳಲ್ಲಿ ಬಿಡ್ ಪತ್ರದ ಹೊರಗಿನ ಇಂಥ ವಸ್ತುಗಳೂ ಮೇಜಿನ ಮೇಲೆ ಇದ್ದೇ ಇರುತ್ತವೆ.

ಚೀನಾದ್ದು ಇನ್ನೂ ಬಿಗಿಯಾದ ಆಟ. 2004ರಲ್ಲಿ ಅಲ್ಲಿನ ರೈಲ್ವೆ ಸಚಿವಾಲಯ ಗಂಟೆಗೆ 200 ಕಿಲೋಮೀಟರ್ ವೇಗದ ರೈಲುಗಳಿಗೆ ಟೆಂಡರ್ ಕರೆಯಿತು. ಬಿಡ್ ಹಾಕಲು ಚೀನಾದ ಕಾರ್ಖಾನೆಗಳಿಗೆ ಮಾತ್ರ ಅವಕಾಶ. ಆದರೆ ಪ್ರತಿ ಕಾರ್ಖಾನೆಯೂ ತಂತ್ರಜ್ಞಾನ ಕೊಡಲು ಒಪ್ಪಿದ ಒಬ್ಬ ವಿದೇಶಿ ಪಾಲುದಾರನನ್ನು ಜೊತೆಗೆ ಕರೆತರಬೇಕು. ಸೀಮೆನ್ಸ್ ಹೆಚ್ಚಿನ ಬೆಲೆ ಹೇಳಿ ಹೊರಗುಳಿಯಿತು. ಕವಾಸಾಕಿ, ಆಲ್ಸ್‌ತೋಮ್, ಬೊಂಬಾರ್ಡಿಯರ್ ಒಳಗೆ ಬಂದವು. ಮರುವರ್ಷವೇ ಸೀಮೆನ್ಸ್ ಬೆಲೆ ಇಳಿಸಿಕೊಂಡು ಮರಳಿ ಬಂದು 60 ರೈಲುಗಳ ಗುತ್ತಿಗೆ ಪಡೆಯಿತು. ಕೊಳ್ಳುವವನು ಒಬ್ಬನೇ, ಮಾರುವವರು ನಾಲ್ವರು. ಈ ಏರ್ಪಾಡು ಚೀನಾಕ್ಕೆ ಸಾಧ್ಯವಾದದ್ದು ಅದರ ಮಾರುಕಟ್ಟೆಯ ಗಾತ್ರದಿಂದ. ಒಂದೇ ಒಂದು ಮಾರ್ಗ ಕಟ್ಟಬೇಕಾದ ದೇಶ ಇದನ್ನು ನಕಲು ಮಾಡಲಾರದು. ಆದರೆ ಒಂದು ವಿಷಯವನ್ನು ಕಲಿಯಬಹುದು. ಚೀನಾ ತನ್ನ ಮಾರ್ಗಗಳನ್ನು ಬಹುತೇಕ ತನ್ನ ಬ್ಯಾಂಕುಗಳ ಹಣದಲ್ಲೇ ಕಟ್ಟಿತು. ಕೆಲವಕ್ಕೆ ಮಾತ್ರ ವಿಶ್ವಬ್ಯಾಂಕಿನ ಸಾಲ ತೆಗೆದುಕೊಂಡಿತು. ರೈಲು ಮಾರುವವರ ಸಾಲಕ್ಕೆ ಕೈಯೊಡ್ಡದೆ ಇದ್ದುದರಿಂದ ಅವರೊಂದಿಗೆ ಚೌಕಾಸಿ ಮಾಡುವ ಶಕ್ತಿ ಉಳಿಯಿತು. ವಿಶ್ವಬ್ಯಾಂಕಿನ 2019ರ ಅಧ್ಯಯನದ ಪ್ರಕಾರ ಅಲ್ಲಿ ಕಿಲೋಮೀಟರಿಗೆ ತಗುಲಿದ್ದು 1.7ರಿಂದ 2.1 ಕೋಟಿ ಡಾಲರ್, ಅಂದರೆ ಬೇರೆ ದೇಶಗಳ ವೆಚ್ಚದ ಸುಮಾರು ಮೂರನೇ ಎರಡು ಪಾಲು.

ಇನ್ನು ತೈವಾನ್. ಸರ್ಕಾರದ ಬೊಕ್ಕಸದಿಂದ ಒಂದು ಕಾಸೂ ಬೇಡ ಎಂದು ಹೇಳಿ 1997ರಲ್ಲಿ ಒಂದು ಖಾಸಗಿ ಒಕ್ಕೂಟ ಅಲ್ಲಿನ ಹೈಸ್ಪೀಡ್ ಮಾರ್ಗದ ಹಕ್ಕನ್ನು ಗೆದ್ದಿತು. ಯುರೋಪಿನ ತಂತ್ರಜ್ಞಾನವನ್ನು ಮುಂದಿಟ್ಟುಕೊಂಡು ಗೆದ್ದ ಬಿಡ್ ಅದು. 1998ರ ಜೂನ್‌ನಲ್ಲಿ ಜರ್ಮನಿಯ ಎಶೆಡೆಯಲ್ಲಿ ಹೈಸ್ಪೀಡ್ ರೈಲು ಹಳಿ ತಪ್ಪಿ 101 ಜನ ಸತ್ತರು. 1999ರ ಸೆಪ್ಟೆಂಬರ್‌ನಲ್ಲಿ ತೈವಾನ್‌ನಲ್ಲೇ ದೊಡ್ಡ ಭೂಕಂಪವಾಯಿತು. ಭೂಕಂಪದ ನಾಡಿನಲ್ಲಿ ದಶಕಗಳಿಂದ ಓಡುತ್ತಿರುವ ಜಪಾನಿನ ರೈಲೇ ಬೇಕು ಎಂದು ಕಂಪನಿ ಮನಸ್ಸು ಬದಲಿಸಿತು. ಯುರೋಪಿನ ರೈಲು ಕಂಪನಿಗಳ ಒಕ್ಕೂಟ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಿ ಸುಮಾರು 6.5 ಕೋಟಿ ಡಾಲರ್ ಪರಿಹಾರ ಪಡೆಯಿತು. ಯುರೋಪಿನ ಅಳತೆಗೆ ಎಂದು ವಿನ್ಯಾಸ ಮಾಡಿದ್ದ ಮಾರ್ಗದಲ್ಲಿ ಜಪಾನಿನ ರೈಲು 2007ರ ಜನವರಿಯಲ್ಲಿ ಓಡಿತು. ಪ್ರಯಾಣಿಕರು ಅಂದಾಜಿಗಿಂತ ತೀರಾ ಕಡಿಮೆ ಬಂದರು. ಮಾರ್ಗವನ್ನು 35 ವರ್ಷಗಳ ನಂತರ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಹಾಗಾಗಿ ಅಷ್ಟೂ ಆಸ್ತಿಯ ಸವಕಳಿಯನ್ನು ಆ ಅವಧಿಯೊಳಗೆ ಲೆಕ್ಕಕ್ಕೆ ಹಿಡಿಯಬೇಕು. ಬಡ್ಡಿ ಮತ್ತು ಸವಕಳಿ ಸೇರಿ ಕಂಪನಿಯ ಕುತ್ತಿಗೆ ಹಿಸುಕಿದವು. ಕೊನೆಗೆ ಸರ್ಕಾರ ಕೈಹಾಕಲೇಬೇಕಾಯಿತು. 2015ರಲ್ಲಿ ಅವಧಿಯನ್ನು 70 ವರ್ಷಕ್ಕೆ ಹಿಗ್ಗಿಸಿ ಬಂಡವಾಳವನ್ನು ಹೊಸದಾಗಿ ಹೊಂದಿಸಿದರು. ರೈಲು ಇವತ್ತು ಚೆನ್ನಾಗಿ ಓಡುತ್ತಿದೆ, ಜನ ತುಂಬಿರುತ್ತಾರೆ. ಬೊಕ್ಕಸದಿಂದ ಒಂದು ಕಾಸೂ ಬೇಡ ಎಂಬ ಮಾತು ಮಾತ್ರ ಉಳಿಯಲಿಲ್ಲ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಉದಾಹರಣೆಗೆ ಬರುತ್ತೇನೆ: ಇಂಡೊನೇಷ್ಯಾ. ಜಕಾರ್ತಾದಿಂದ ಬಂಡುಂಗ್‌ಗೆ ಸುಮಾರು 142 ಕಿಲೋಮೀಟರ್. ಈ ಮಾರ್ಗದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಜಪಾನು. 2015ರಲ್ಲಿ ಚೀನಾ ತನ್ನ ಪ್ರಸ್ತಾವವನ್ನೂ ತಂದಿತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಜಪಾನಿನ ಸಾಲಕ್ಕೆ 40 ವರ್ಷ ಅವಧಿ, ಬಡ್ಡಿ ಶೇ 0.1, ಆದರೆ ಇಂಡೊನೇಷ್ಯಾ ಸರ್ಕಾರ ಖಾತರಿ ನಿಲ್ಲಬೇಕು. ಚೀನಾದ ಸಾಲಕ್ಕೂ 40 ವರ್ಷವೇ. ಡಾಲರ್ ಭಾಗಕ್ಕೆ ಬಡ್ಡಿ ಶೇ 2, ಯುವಾನ್ ಭಾಗಕ್ಕೆ ಇನ್ನೂ ಹೆಚ್ಚು. ಆದರೆ ಸರ್ಕಾರದ ಖಾತರಿ ಬೇಕಿಲ್ಲ, ಬಜೆಟ್ಟಿನ ಹಣವೂ ಬೇಕಿಲ್ಲ. ಎರಡು ದೇಶಗಳ ಸರ್ಕಾರಿ ಕಂಪನಿಗಳು ಸೇರಿ ಜಂಟಿ ಕಂಪನಿ ಮಾಡುತ್ತವೆ. ಇಂಡೊನೇಷ್ಯಾದ್ದು 60 ಪಾಲು, ಚೀನಾದ್ದು 40. ಯೋಜನೆಯ ಶೇ 75ರಷ್ಟು ಹಣ ಚೀನಾ ಡೆವಲಪ್‌ಮೆಂಟ್ ಬ್ಯಾಂಕಿನಿಂದ.

ಇಂಡೊನೇಷ್ಯಾ ಚೀನಾವನ್ನು ಆರಿಸಿಕೊಂಡಿತು. ಬಡ್ಡಿಯನ್ನಷ್ಟೇ ನೋಡುವವರಿಗೆ ಈ ಆಯ್ಕೆ ಅರ್ಥವಾಗುವುದಿಲ್ಲ. ಇಪ್ಪತ್ತು ಪಟ್ಟು ಹೆಚ್ಚು ಬಡ್ಡಿ! ಆದರೆ ರಸ್ತೆ, ಬಂದರು, ವಿದ್ಯುತ್ ಎಂದು ನೂರು ಕಡೆ ಹಣ ಬೇಕಿದ್ದ ಸರ್ಕಾರಕ್ಕೆ ತನ್ನ ಲೆಕ್ಕಪುಸ್ತಕದಲ್ಲಿ ಕಾಣಿಸದ ಸಾಲ ದೊಡ್ಡ ವರವಾಗಿ ಕಂಡಿತು. ಆ ವರ್ಷದ ಅಧ್ಯಕ್ಷೀಯ ನಿಯಮದಲ್ಲಿ ಬಜೆಟ್ ಹಣವನ್ನೂ ಸರ್ಕಾರದ ಖಾತರಿಯನ್ನೂ ಸ್ಪಷ್ಟವಾಗಿ ನಿಷೇಧಿಸಿದ್ದರು. ನಾನು ಅದನ್ನು ತಪ್ಪು ಲೆಕ್ಕ ಎಂದು ಆಗಲೂ ಭಾವಿಸಿದ್ದೆ, ಈಗಲೂ ಭಾವಿಸುತ್ತೇನೆ. ಸಾಲಗಾರ ಕಂಪನಿಯ ಮಾಲೀಕರು ಸರ್ಕಾರಿ ಕಂಪನಿಗಳು. ಸರ್ಕಾರಿ ಕಂಪನಿಗಳ ಮಾಲೀಕ ಸರ್ಕಾರ. ಖಾತರಿ ಕಾಗದದ ಮೇಲೆ ಇರಲಿಲ್ಲ, ಅಷ್ಟೇ.

ಜಮೀನು ಸಿಗುವುದು ತಡವಾಯಿತು, ಕೆಲಸದ ನಡುವೆ ಕೋವಿಡ್ ಬಂತು. 2019ಕ್ಕೆ ಓಡಬೇಕಿದ್ದ ರೈಲು ಓಡಲಿಲ್ಲ. ಸುಮಾರು 600 ಕೋಟಿ ಡಾಲರಿನ ಅಂದಾಜಿನ ಮೇಲೆ ಇನ್ನೂ 120 ಕೋಟಿ ಡಾಲರ್ ಬೇಕಾಯಿತು. 2021ರಲ್ಲಿ ಹೊಸ ಅಧ್ಯಕ್ಷೀಯ ನಿಯಮ ಬಂದು ಬಜೆಟ್ ಹಣ ಸುರಿಯಲು ದಾರಿ ಮಾಡಿತು. ಹೆಚ್ಚುವರಿ ವೆಚ್ಚಕ್ಕೆ ಮತ್ತೆ ಚೀನಾದಿಂದಲೇ ಸಾಲ, ಈ ಬಾರಿ ಬಡ್ಡಿ ಶೇ 3ಕ್ಕಿಂತ ಹೆಚ್ಚು. 2023ರಲ್ಲಿ ಆ ಸಾಲಕ್ಕೆ ಸರ್ಕಾರದ ಖಾತರಿ ಕೊಡುವ ಹಣಕಾಸು ಸಚಿವಾಲಯದ ನಿಯಮವೂ ಬಂತು. ಎಂಟು ವರ್ಷಗಳ ಹಿಂದೆ ಬೇಡವೆಂದು ಹೇಳಿದ್ದ ಎರಡೂ ಹಿಂಬಾಗಿಲಿನಿಂದ ಒಳಗೆ ಬಂದವು. 2023ರ ಅಕ್ಟೋಬರ್‌ನಲ್ಲಿ ‘ವೂಶ್’ ಎಂಬ ಹೆಸರಿನ ಆ ರೈಲು ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಓಡಲಾರಂಭಿಸಿತು. ಒಳ್ಳೆಯ ರೈಲು, ಜನ ಇಷ್ಟಪಟ್ಟಿದ್ದಾರೆ. ಇದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಆದರೆ 2025ರ ಹೊತ್ತಿಗೆ ಅಲ್ಲಿ ನಡೆಯುತ್ತಿದ್ದ ಚರ್ಚೆ ಸಾಲವನ್ನು ಮರುಹೊಂದಿಸುವುದು ಹೇಗೆ, ಬಜೆಟ್ಟಿನಿಂದ ಕಟ್ಟಬೇಕೋ ಬೇಡವೋ ಎಂಬುದೇ ಆಗಿತ್ತು.

ಹಾಗಾದರೆ ಶೇ 0.1ರ ಸಾಲವೇ ಒಳ್ಳೆಯದೇ ಎಂದು ಕೇಳುವಿರಿ. ಮುಂಬೈ–ಅಹಮದಾಬಾದ್ ಮಾರ್ಗವನ್ನು ತೆಗೆದುಕೊಳ್ಳಿ. 508 ಕಿಲೋಮೀಟರ್. ಆರಂಭದ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. ಅದರ ಶೇ 81ರಷ್ಟು, ಅಂದರೆ 88,000 ಕೋಟಿ ರೂಪಾಯಿ, ಜಪಾನಿನ ಸಾಲ. ಅವಧಿ 50 ವರ್ಷ, ಮೊದಲ 15 ವರ್ಷ ಅಸಲು ಕಟ್ಟಬೇಕಿಲ್ಲ, ಬಡ್ಡಿ ಶೇ 0.1. ಪುಕ್ಕಟೆ ಸಾಲ ಎಂದೇ ಹಲವರು ಬರೆದರು. ಸಾಲ ಇರುವುದು ಯೆನ್‌ನಲ್ಲಿ, ಟಿಕೆಟ್ ಮಾರುವುದು ರೂಪಾಯಿಯಲ್ಲಿ. ಯೆನ್ ಎದುರು ರೂಪಾಯಿ ವರ್ಷಕ್ಕೆ ಶೇ 3ರಂತೆ ಸವೆಯುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. 24 ವರ್ಷದಲ್ಲಿ ಅಸಲು ರೂಪಾಯಿ ಲೆಕ್ಕದಲ್ಲಿ ಎರಡು ಪಟ್ಟಾಗುತ್ತದೆ. 30 ವರ್ಷದಲ್ಲಿ 2.4 ಪಟ್ಟು. ಬಡ್ಡಿಯ ಹೆಸರಿನಲ್ಲಿ ಕೊಡದೇ ಇದ್ದದ್ದನ್ನು ವಿನಿಮಯ ದರದ ಹೆಸರಿನಲ್ಲಿ ಕೊಡುತ್ತೇವೆ. ಯೆನ್ ಕುಸಿದರೆ ಲಾಭವೂ ಆಗಬಹುದು, ನಿಜ. ಕಳೆದ ಹತ್ತು ವರ್ಷಗಳಲ್ಲಿ ಯೆನ್ ದುರ್ಬಲವಾಗಿದ್ದರಿಂದ ಭಾರತಕ್ಕೆ ಹೊಡೆತ ಬೀಳಲಿಲ್ಲ. ಆದರೆ ಡಾಲರಿನ ಮೌಲ್ಯ ಇಳಿಸಲು ಶ್ರೀಮಂತ ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ನಂತರ ಡಾಲರಿಗೆ ಸುಮಾರು 240 ಇದ್ದ ಯೆನ್ ಕೆಲವೇ ವರ್ಷಗಳಲ್ಲಿ 120ರ ಆಸುಪಾಸಿಗೆ ಬಂದು, ಯೆನ್‌ನಲ್ಲಿ ಸಾಲ ಮಾಡಿದ್ದ ಏಷ್ಯಾದ ದೇಶಗಳ ಹೊರೆ ಡಾಲರ್ ಲೆಕ್ಕದಲ್ಲಿ ಇಮ್ಮಡಿಯಾದದ್ದನ್ನು ಕಂಡವರಿದ್ದಾರೆ. 50 ವರ್ಷ ಬಹಳ ದೀರ್ಘ ಕಾಲ.

ಆ ಮಾರ್ಗದ ಇನ್ನೊಂದು ಮುಖ ನನಗೆ ಹೆಚ್ಚು ಕುತೂಹಲದ್ದು. ಸೇತುವೆ ಮತ್ತು ಎತ್ತರದ ಮಾರ್ಗದ ಕೆಲಸಗಳಿಗೆ ಬಿಡ್ ಹಾಕಿ ಗೆದ್ದವರು ಭಾರತದ ಕಂಪನಿಗಳೇ. 2020ರಲ್ಲಿ ಎಲ್ ಆ್ಯಂಡ್ ಟಿ ಪಡೆದ 237 ಕಿಲೋಮೀಟರಿನ ಗುತ್ತಿಗೆಯ ಮೊತ್ತ 24,985 ಕೋಟಿ ರೂಪಾಯಿ. ಸ್ಪರ್ಧೆ ಇಲ್ಲದ ಕಡೆ, ಅಂದರೆ ರೈಲುಗಳ ವಿಚಾರದಲ್ಲಿ, ಬೆಲೆಯ ಮಾತುಕತೆ ವರ್ಷಗಟ್ಟಲೆ ಎಳೆಯಿತು. 2024ರಲ್ಲಿ ಗಂಟೆಗೆ 280 ಕಿಲೋಮೀಟರ್ ವೇಗಕ್ಕೆ ವಿನ್ಯಾಸಗೊಳ್ಳುವ ಎರಡು ರೈಲುಗಳನ್ನು ತಯಾರಿಸುವ ಕೆಲಸವನ್ನು ಬಿಇಎಂಎಲ್‌ಗೆ 866.87 ಕೋಟಿ ರೂಪಾಯಿಗೆ ಕೊಟ್ಟರು. ಒಂದೇ ಯೋಜನೆಯೊಳಗೆ ಸ್ಪರ್ಧೆ ಇದ್ದ ಭಾಗವೂ ಇಲ್ಲದ ಭಾಗವೂ ಹೀಗೆ ಪಕ್ಕಪಕ್ಕದಲ್ಲೇ ಕಾಣುತ್ತವೆ.

ಇದು ಯಾವ ಹಂತದಲ್ಲಿ ನಿರ್ಧಾರವಾಗುತ್ತದೆ ಎಂದು ಕೇಳಿ. ಟೆಂಡರ್ ಕರೆಯುವಾಗ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದಕ್ಕೂ ಐದಾರು ವರ್ಷ ಮೊದಲು, ಕಾರ್ಯಸಾಧ್ಯತಾ ವರದಿ ಬರೆಯುವಾಗ. ಆ ವರದಿಯನ್ನು ಒಂದು ದೇಶ ನೆರವಿನ ರೂಪದಲ್ಲಿ ಉಚಿತವಾಗಿ ಮಾಡಿಕೊಡುತ್ತದೆ. ಅದರಲ್ಲಿ ಬೋಗಿಯ ಅಗಲ ಸುಮಾರು 3.4 ಮೀಟರ್ ಎಂದು ಬರೆದರೆ ಅದು ಜಪಾನಿನ ಅಳತೆ. ಫ್ರಾನ್ಸಿನ ರೈಲು 2.9 ಮೀಟರ್. ಪ್ಲಾಟ್‌ಫಾರ್ಮಿನ ಎತ್ತರ 1,250 ಮಿಲಿಮೀಟರ್ ಎಂದರೆ ಜಪಾನು. 550 ಅಥವಾ 760 ಎಂದರೆ ಯುರೋಪು. ಗಾಲಿಯ ಅಚ್ಚಿನ ಮೇಲೆ ಬೀಳುವ ಭಾರ, ಸುರಂಗದ ಅಡ್ಡಳತೆ, ಸಿಗ್ನಲ್ ವ್ಯವಸ್ಥೆ, ಹೀಗೆ ಒಂದೊಂದು ಅಂಕಿಯೂ ಒಬ್ಬೊಬ್ಬ ಬಿಡ್‌ದಾರನಿಗೆ ಬಾಗಿಲು ಹಾಕುತ್ತಾ ಹೋಗುತ್ತದೆ. ಬೇರೆಯವರು ಬರಲೇಬಾರದು ಎಂದೇನಿಲ್ಲ. ಸೀಮೆನ್ಸ್ ಚೀನಾಕ್ಕೂ ರಷ್ಯಾಕ್ಕೂ ಅಗಲವಾದ ಬೋಗಿಗಳನ್ನು ಮಾಡಿಕೊಟ್ಟಿದೆ. ಆದರೆ ಹೊಸ ವಿನ್ಯಾಸಕ್ಕೆ ಸಮಯ ಬೇಕು, ಹಣ ಬೇಕು. ಎರಡು ಡಜನ್ ರೈಲುಗಳ ಗುತ್ತಿಗೆಗೆ ಅಷ್ಟು ಶ್ರಮ ಯಾರು ಪಡುತ್ತಾರೆ? ಟೆಂಡರ್ ಎಲ್ಲರಿಗೂ ತೆರೆದಿರುತ್ತದೆ, ಬರುವವನು ಒಬ್ಬನೇ.

ಒಬ್ಬನೇ ಬಂದದ್ದಕ್ಕೆ ಮೆಕ್ಸಿಕೊ ಸಾಕ್ಷಿ. ಮೆಕ್ಸಿಕೊ ಸಿಟಿಯಿಂದ ಕೆರೆತಾರೊಗೆ 210 ಕಿಲೋಮೀಟರಿನ ಮಾರ್ಗ. ಬಿಡ್ ಸಿದ್ಧಪಡಿಸಲು ಕೊಟ್ಟ ಕಾಲ ಎಷ್ಟು ಕಡಿಮೆಯೆಂದರೆ, ಆಸಕ್ತಿ ತೋರಿಸಿದ್ದ ದೊಡ್ಡ ಕಂಪನಿಗಳೆಲ್ಲ ಹಿಂದೆ ಸರಿದವು. ಚೀನಾದ ರೈಲ್ವೆ ನಿರ್ಮಾಣ ಸಂಸ್ಥೆಯ ನೇತೃತ್ವದ ಒಕ್ಕೂಟವೊಂದೇ ಉಳಿಯಿತು. 2014ರ ನವೆಂಬರ್ 3ರಂದು ಗುತ್ತಿಗೆ ಘೋಷಣೆ, 6ರಂದು ರದ್ದು. ಒಕ್ಕೂಟದ ಸ್ಥಳೀಯ ಪಾಲುದಾರರಲ್ಲಿ ಒಂದಕ್ಕೆ ಸಂಬಂಧಿಸಿದ ಸಂಸ್ಥೆಯ ಹೆಸರಿನಲ್ಲಿ ಅಧ್ಯಕ್ಷರ ಕುಟುಂಬದ ಬಂಗಲೆ ಇದೆ ಎಂಬ ವರದಿ ಅದೇ ವಾರ ಹೊರಬಂತು. ಮರುವರ್ಷ ಯೋಜನೆಯನ್ನೇ ಕೈಬಿಟ್ಟರು.

ಮೊರಾಕ್ಕೊದಲ್ಲಿ ಟೆಂಡರ್ ಎಂಬುದೇ ಇರಲಿಲ್ಲ. 2007ರಲ್ಲಿ ಫ್ರಾನ್ಸಿನ ಜೊತೆ ನೇರ ಒಪ್ಪಂದ. ಸ್ಪರ್ಧಾತ್ಮಕ ಟೆಂಡರ್ ಇಲ್ಲದ ಕಾರಣ ಯುರೋಪಿಯನ್ ಹೂಡಿಕೆ ಬ್ಯಾಂಕು ಸಾಲ ಕೊಡಲಿಲ್ಲ. ಅರ್ಧದಷ್ಟು ಹಣ ಫ್ರಾನ್ಸಿನ ಸಾಲದಿಂದ ಬಂತು. ಉಳಿದದ್ದು ಮೊರಾಕ್ಕೊದ ಬೊಕ್ಕಸದಿಂದ ಮತ್ತು ಅರಬ್ ನಿಧಿಗಳಿಂದ. 2018ರ ನವೆಂಬರ್‌ನಲ್ಲಿ ಟ್ಯಾಂಜಿಯರ್–ಕೆನಿತ್ರಾ ಮಾರ್ಗ ಶುರುವಾಯಿತು. ಟ್ಯಾಂಜಿಯರ್‌ನಿಂದ ಕಾಸಾಬ್ಲಾಂಕಾಕ್ಕೆ ಮುಂಚೆ ನಾಲ್ಕೂಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಈಗ ಎರಡು ಗಂಟೆ ಹತ್ತು ನಿಮಿಷ. ಖರ್ಚೂ ಕೈಮೀರಲಿಲ್ಲ. ಟೆಂಡರ್ ಇಲ್ಲದಿದ್ದರೆ ಎಲ್ಲವೂ ಕೆಡುತ್ತದೆ ಎನ್ನುವವರು ಈ ಮಾರ್ಗವನ್ನು ನೋಡಬೇಕು. ಟೆಂಡರ್ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ನೆದರ್ಲೆಂಡ್ಸಿನ ‘ಫಿರಾ’ ರೈಲನ್ನು ನೋಡಬೇಕು. ಟೆಂಡರ್ ಕರೆದು ಇಟಲಿಯ ಕಂಪನಿಯಿಂದ ಕೊಂಡ ಆ ರೈಲುಗಳು ವರ್ಷಗಟ್ಟಲೆ ತಡವಾಗಿ 2012ರ ಡಿಸೆಂಬರ್‌ನಲ್ಲಿ ಬಂದವು. ಆರು ವಾರವೂ ಓಡದೆ ನಿಂತವು. ಮೊರಾಕ್ಕೊದವರಿಗೆ ಬೆಲೆಯಲ್ಲಿ ಎಷ್ಟು ಉಳಿಯುತ್ತಿತ್ತು ಎಂಬುದು ಮಾತ್ರ ಎಂದಿಗೂ ತಿಳಿಯುವುದಿಲ್ಲ. ಹೋಲಿಸಲು ಎರಡನೆಯ ಬಿಡ್ ಇರಲೇ ಇಲ್ಲ.

ಖಾಸಗಿ ವಿದೇಶಿ ಬಂಡವಾಳದ ಬಗ್ಗೆ ಎರಡು ಮಾತು. ಫ್ರಾನ್ಸಿನ ಪೆರ್ಪಿನ್ಯಾಂ ಮತ್ತು ಸ್ಪೇನಿನ ಫಿಗೆರಸ್ ನಡುವೆ ಗಡಿ ದಾಟುವ 44 ಕಿಲೋಮೀಟರ್ ಮಾರ್ಗವನ್ನು ಎರಡು ದೇಶಗಳ ಕಂಪನಿಗಳು ಸೇರಿ ಕಟ್ಟಿದವು. 2010ರಲ್ಲಿ ಅದು ತೆರೆದಾಗ ಸ್ಪೇನಿನ ಕಡೆಯ ಹೈಸ್ಪೀಡ್ ಮಾರ್ಗ ಇನ್ನೂ ಮುಗಿದಿರಲಿಲ್ಲ. ಅದು ಸೇರಿಕೊಂಡದ್ದು 2013ರಲ್ಲಿ. 2016ರಲ್ಲಿ ಕಂಪನಿ ದಿವಾಳಿಯಾಗಿ ಮಾರ್ಗ ಎರಡೂ ದೇಶಗಳ ಸರ್ಕಾರಿ ರೈಲ್ವೆಗಳ ಕೈಗೆ ಬಂತು. ಇದಕ್ಕೆ ವಿರುದ್ಧವಾದದ್ದು ಲಂಡನ್ನಿನಿಂದ ಚಾನೆಲ್ ಸುರಂಗಕ್ಕೆ ಹೋಗುವ ಮಾರ್ಗ. ಕಟ್ಟುವಾಗಿನ ಕಷ್ಟವನ್ನು ಬ್ರಿಟನ್ ಸರ್ಕಾರ ಹೊತ್ತುಕೊಂಡಿತು. ರೈಲು ಓಡತೊಡಗಿ ಆದಾಯ ಕಣ್ಣಿಗೆ ಕಂಡ ಮೇಲೆ, 2010ರಲ್ಲಿ, 30 ವರ್ಷಗಳ ಹಕ್ಕನ್ನು ಕೆನಡಾದ ಪಿಂಚಣಿ ನಿಧಿಗಳಿಗೆ 210 ಕೋಟಿ ಪೌಂಡಿಗೆ ಮಾರಿತು. ಪಿಂಚಣಿ ನಿಧಿಗೆ ಬೇಕಾದದ್ದು ನೆಮ್ಮದಿಯ ಆದಾಯ. ಮಣ್ಣು ಕುಸಿಯುವ, ಜಮೀನು ಸಿಗದ, ಅಂದಾಜು ತಪ್ಪುವ ವರ್ಷಗಳಲ್ಲಿ ಅದು ಬರುವುದಿಲ್ಲ. ಈ ಎರಡನೆಯ ಕ್ರಮವೇ ನನಗೆ ಸರಿ ಎನಿಸುತ್ತದೆ.

ಸಾಲ ಬೇಡ, ರೈಲು ಮಾತ್ರ ಕೊಡಿ ಎಂದವರೂ ಇದ್ದಾರೆ. ಬ್ಯಾಂಕಾಕ್‌ನಿಂದ ನಖೊನ್ ರಚ್ಚಸಿಮಾವರೆಗಿನ 253 ಕಿಲೋಮೀಟರ್ ಮಾರ್ಗಕ್ಕೆ ಥಾಯ್ಲೆಂಡ್ ಚೀನಾದ ವಿನ್ಯಾಸವನ್ನು ಒಪ್ಪಿಕೊಂಡಿತು. ಷರತ್ತುಗಳು ಹಿಡಿಸದೆ 2016ರಲ್ಲಿ ಹಣ ತಾನೇ ಹಾಕುವುದಾಗಿ ಹೇಳಿತು. ಕೆಲಸ ನಿಧಾನವಾಗಿ ಸಾಗಿತು. ಅದಕ್ಕೆ ಟೀಕೆಯೂ ಬಂತು. ಆದರೆ ಸಾಲದ ಕಂತು ತಲೆಯ ಮೇಲಿಲ್ಲದವನಿಗೆ ತಡವಾದರೆ ಆಗುವ ನಷ್ಟವೂ ಕಡಿಮೆ.

ಕೊನೆಯದಾಗಿ ವಿಯೆಟ್ನಾಂ. ಹನೋಯ್‌ನಿಂದ ಹೊ ಚಿ ಮಿನ್ ಸಿಟಿಗೆ ಜಪಾನಿನ ನೆರವಿನಿಂದ ಬುಲೆಟ್ ರೈಲು ಕಟ್ಟುವ 5,600 ಕೋಟಿ ಡಾಲರಿನ ಪ್ರಸ್ತಾವ 2010ರ ಜೂನ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಸಭೆಯ ಮುಂದೆ ಬಂತು. ಆಗಿನ ಲೆಕ್ಕದಲ್ಲಿ ದೇಶದ ವಾರ್ಷಿಕ ಉತ್ಪನ್ನದ ಅರ್ಧದಷ್ಟಾಗುವ ಮೊತ್ತ. ಸರ್ಕಾರದ ಮಾತಿಗೆ ತಲೆದೂಗುವುದೇ ರೂಢಿಯಾಗಿದ್ದ ಸಭೆ ಆ ದಿನ ಒಪ್ಪಲಿಲ್ಲ. ಹದಿನಾಲ್ಕು ವರ್ಷಗಳ ಬಳಿಕ, 2024ರ ನವೆಂಬರ್ 30ರಂದು, 1,541 ಕಿಲೋಮೀಟರ್ ಉದ್ದದ, ಸುಮಾರು 6,700 ಕೋಟಿ ಡಾಲರಿನ ಯೋಜನೆಗೆ ಅದೇ ಸಭೆ ಒಪ್ಪಿಗೆ ಕೊಟ್ಟಿತು. ಈ ನಡುವೆ ದೇಶದ ಉತ್ಪನ್ನ ಬೆಳೆದು, ಇದೇ ಮಾರ್ಗ ಈಗ ಅದರ ಏಳನೇ ಒಂದು ಪಾಲಿನಷ್ಟಾಗಿದೆ. ಮುಖ್ಯವಾಗಿ ದೇಶದೊಳಗಿನ ಹಣ. ವಿದೇಶಿ ಸಾಲ ಮಾಡುವುದಾದರೆ ಬಡ್ಡಿ ಕಡಿಮೆ ಇರಬೇಕು, ಕಟ್ಟುಪಾಡು ಕಡಿಮೆ ಇರಬೇಕು, ತಂತ್ರಜ್ಞಾನ ವರ್ಗಾವಣೆ ಆಗಲೇಬೇಕು ಎಂದು ಸರ್ಕಾರ ಹೇಳಿದೆ. ಈ ಮೂರನ್ನೂ ಒಟ್ಟಿಗೆ ಕೊಡುವ ಸಾಲದಾತ ದೇಶವನ್ನು ನಾನು ಇದುವರೆಗೆ ಕಂಡಿಲ್ಲ. ಆದರೂ ಅಷ್ಟು ಸ್ಪಷ್ಟವಾಗಿ ಮೊದಲೇ ಬರೆದಿಟ್ಟುಕೊಂಡು ಮಾತುಕತೆಗೆ ಕೂರುವ ದೇಶಗಳು ಕಡಿಮೆ. ಅಲ್ಲಿನ ಟೆಂಡರ್ ಪತ್ರಗಳು ಹೊರಬಂದ ದಿನ ಬಡ್ಡಿಯ ಪುಟವನ್ನು ನಾನು ಆಮೇಲೆ ನೋಡುತ್ತೇನೆ. ಮೊದಲು ತೆರೆಯುವುದು ಬೋಗಿಯ ಅಗಲ ಮತ್ತು ಪ್ಲಾಟ್‌ಫಾರ್ಮಿನ ಎತ್ತರ ಬರೆದಿರುವ ಪುಟವನ್ನು.